‘ನಿನ್ನನ್ನು ನೀನು ನಂಬು’ ಎಂದರೆ ಹುಡುಗ ಏನು ಮಾಡಬೇಕು?

ಪ್ರಿಯ ಲೇಖಕರೇ,

ಮಂಡ್ಯದಿಂದ ನೀವು ಕಳಿಸಿದ ‘ಆತ್ಮವಿಶ್ವಾಸವಿದ್ದವನೇ ಗೆಲ್ಲುತ್ತಾನೆ’ ಲೇಖನವನ್ನು ಎರಡು ಸಲ ಓದಿದೆವು. ದಸರಾ ಕ್ರೀಡಾಕೂಟಕ್ಕೆ ತಯಾರಾಗುವ ಹಳ್ಳಿಯ ಕಬಡ್ಡಿ ಹುಡುಗರಿಗಾಗಿ ಬರೆದದ್ದು ಎಂದಿದ್ದೀರಿ. ಆ ಹುಡುಗರ ಮೇಲೆ ನಮಗೂ ಅಕ್ಕರೆಯಿದೆ. ಅದಕ್ಕೇ ನೇರವಾಗಿ ಹೇಳುತ್ತೇವೆ: ಈಗಿರುವಂತೆ ಪ್ರಕಟಿಸಲಾಗದು. ‘ನಿನ್ನನ್ನು ನೀನು ನಂಬು’ ಎಂದು ಒಂಬತ್ತು ಕಡೆ ಬರೆದಿದ್ದೀರಿ. ನಂಬಿಕೆ ಬರಲು ಹುಡುಗ ಏನು ಮಾಡಬೇಕೆಂದು ಒಂದು ಕಡೆಯೂ ಬರೆದಿಲ್ಲ.

ತಲೆಬರಹವೇ ತಪ್ಪು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಕ್ರೀಡಾ ಮನೋವಿಜ್ಞಾನಿಗಳಾದ ವುಡ್‌ಮನ್ ಮತ್ತು ಹಾರ್ಡಿ 2003ರಲ್ಲಿ ಲೆಕ್ಕ ಹಾಕಿದಾಗ, ಆತ್ಮವಿಶ್ವಾಸಕ್ಕೂ ಸ್ಪರ್ಧೆಯ ಪ್ರದರ್ಶನಕ್ಕೂ ಕಂಡ ಸಹಸಂಬಂಧ 0.24. ಪೂರ್ತಿ ಹೊಂದಿದ್ದರೆ 1 ಬರಬೇಕಿತ್ತು. ನಂಟು ಇದೆ, ಖಾತರಿ ಇಲ್ಲ. ಗೆದ್ದದ್ದರಿಂದಲೇ ವಿಶ್ವಾಸ ಬಂದಿರಲೂಬಹುದು.

ವಿಶ್ವಾಸದ ಮೂಲಗಳನ್ನು ಮನೋವಿಜ್ಞಾನಿ ಬಂಡೂರ 1977ರಲ್ಲೇ ನಾಲ್ಕಾಗಿ ಗುರುತಿಸಿದ್ದರು: ಸ್ವತಃ ಮಾಡಿ ಗೆದ್ದ ಅನುಭವ, ತನ್ನಂಥವನು ಮಾಡಿದ್ದನ್ನು ಕಂಡದ್ದು, ಬೇರೆಯವರ ಹುರಿದುಂಬಿಸುವ ಮಾತು, ತನ್ನ ಮೈಯ ಸ್ಥಿತಿಯನ್ನು ತಾನು ಓದಿಕೊಳ್ಳುವ ರೀತಿ. ಮೊದಲನೆಯದೇ ಎಲ್ಲಕ್ಕಿಂತ ಗಟ್ಟಿ. ನಿಮ್ಮ ಲೇಖನವಿಡೀ ನಿಂತಿರುವುದು ಮೂರನೆಯದರ ಮೇಲೆ.

ಅಭ್ಯಾಸದ ಬಗ್ಗೆ ಬರೆಯಿರಿ. ಎದುರು ಆರು ಮಂದಿಯಾದರೂ ಇದ್ದರೆ ಮಾತ್ರ ಬೋನಸ್, ಅಂದರೆ ಎದುರಾಳಿಯ ಅಂಗಳದ ಬೋನಸ್ ಗೆರೆ ದಾಟಿದ್ದಕ್ಕೆ ಕೊಡುವ ಹೆಚ್ಚುವರಿ ಅಂಕ, ಸಿಗುತ್ತದೆ. ಸಂಜೆ ನಾಲ್ವರೇ ಬಂದರೆಂದು ಅವರ ಎದುರೇ ಬೋನಸ್ ಗೆರೆ ದಾಟಿ ಬಂದವನಿಗೆ ಪಂದ್ಯಕ್ಕೆ ಒದಗುವ ವಿಶ್ವಾಸ ಬಾರದು. ಆರು ಮಂದಿಯನ್ನು ನಿಲ್ಲಿಸಿ, 30 ಸೆಕೆಂಡಿನ ಗಡಿಯಾರವಿಟ್ಟು, ತಂಡ ಐದು ಅಂಕ ಹಿಂದಿದೆ ಎಂದುಕೊಂಡೇ ಕೋಚ್ ಅವನಿಂದ 20 ರೇಡ್ (ಎದುರಾಳಿಯ ಅಂಗಳಕ್ಕೆ ನುಗ್ಗುವ ಸರದಿ) ಮಾಡಿಸಲಿ. ಎಷ್ಟು ಕೈಗೂಡಿತು, ಎಲ್ಲಿ ಸಿಕ್ಕಿಬಿದ್ದ, ಹುಡುಗ ಪುಸ್ತಕದಲ್ಲಿ ಬರೆಯಲಿ. ಪಂದ್ಯದ ಹಿಂದಿನ ವಾರ ‘ಹುಮ್ಮಸ್ಸು ಬರಲಿ’ ಎಂದು ಚಿಕ್ಕ ಹುಡುಗರ ಎದುರು ಆಡಿಸುವುದನ್ನು ನೀವು ಮೆಚ್ಚಿದ್ದೀರಿ. ಆ ಹುಮ್ಮಸ್ಸು ಮೈಸೂರಿನ ಅಂಗಣದಲ್ಲಿ ಮೊದಲ ಕ್ಯಾಚ್‌ಗೇ ಇಳಿದುಹೋಗುತ್ತದೆ.

‘ಸೋಲನ್ನು ಮರೆತುಬಿಡಿ’ ಎಂಬ ಪ್ಯಾರಾ ನಮ್ಮನ್ನು ಹೆಚ್ಚು ಕಾಡಿತು. ಮನೋವಿಜ್ಞಾನಿಗಳಾದ ಲಜಾರಸ್ ಮತ್ತು ಫೋಕ್‌ಮನ್ 1984ರಲ್ಲಿ ಒತ್ತಡ ನಿಭಾಯಿಸುವುದನ್ನು ಎರಡು ಬಗೆಯಾಗಿ ವಿಂಗಡಿಸಿದರು: ಸಮಸ್ಯೆಗೇ ಕೈ ಹಾಕುವುದು, ತನ್ನ ಭಾವನೆಯನ್ನು ಹದಕ್ಕೆ ತರುವುದು. ಯಾವಾಗ ಯಾವುದು ಎಂಬುದರಲ್ಲೇ ಆಟ ಕೆಡುತ್ತದೆ. ರೆಫರಿಯ ತೀರ್ಪು ಬದಲಾಗದು. ಅಲ್ಲಿ ವಾದಿಸಿದರೆ ಮುಂದಿನ ರೇಡ್‌ನ ಗಮನವೂ ಹೋಗುತ್ತದೆ. ಅದರ ಬದಲು ನಾಲ್ಕು ಎಣಿಸುತ್ತಾ ಉಸಿರೆಳೆದು, ಆರು ಎಣಿಸುತ್ತಾ ಬಿಡಲಿ, ಐದು ಸಲ. ಆದರೆ ಔಟಾಗಿ ಹೊರಗೆ ಕೂತವನಿಗೆ ಮಾಡಲು ಕೆಲಸವಿದೆ: ಯಾವ ಕಡೆಯ ಕಾರ್ನರ್ ಆಟಗಾರ (ತುದಿಯಲ್ಲಿ ನಿಲ್ಲುವವನು) ಅವಸರದಿಂದ ಮುಂದೆ ಬರುತ್ತಾನೆ, ಕೈ ಕೈ ಹಿಡಿದು ನಿಂತವರ ಚೈನ್ ಎಲ್ಲಿ ಬಿಡುತ್ತದೆ ಎಂದು ನೋಡಬೇಕು. ಹೆಚ್ಚಿನವರು ಆ ಹೊತ್ತನ್ನು ತಲೆ ತಗ್ಗಿಸಿಕೊಂಡೇ ಕಳೆಯುತ್ತಾರೆ. ಸಿಕ್ಕಿಬಿದ್ದದ್ದನ್ನು ಪಂದ್ಯ ಮುಗಿಯುವವರೆಗೆ ಪಕ್ಕಕ್ಕಿಡುವುದು ಸರಿಯೇ. ಮರುದಿನವೂ ನೆನೆಯದಿದ್ದರೆ ಅದೇ ಆ್ಯಂಕಲ್ ಹೋಲ್ಡ್‌ಗೆ (ಕಣಕಾಲಿನ ಹಿಡಿತಕ್ಕೆ) ಮತ್ತೆ ಬೀಳುತ್ತಾನೆ.

ಪಂದ್ಯಕ್ಕೆ ಮುಂಚೆ ಎದೆ ಡವಡವ ಹೊಡೆದುಕೊಳ್ಳುವುದು ಹೇಡಿತನದ ಗುರುತು ಎಂಬ ಸಾಲನ್ನು ದಯವಿಟ್ಟು ತೆಗೆಯಿರಿ. ಮೈ ಆಟಕ್ಕೆ ಸಜ್ಜಾಗುವಾಗಲೂ ಹಾಗೆಯೇ ಆಗುತ್ತದೆ, ಹುಡುಗರಿಗೆ ಅದು ತಿಳಿದಿರಬೇಕು. ಮೈಸೂರಿನ ದೊಡ್ಡಕೆರೆ ಮೈದಾನದ ನಾಡಕುಸ್ತಿಯ ವರ್ಣನೆ ಸೊಗಸಾಗಿದೆ, ಇನ್ನೊಂದು ಲೇಖನಕ್ಕೆ ಇಟ್ಟುಕೊಳ್ಳಿ.

ಔಟಾಗಿ ಹೊರಗೆ ಕೂತ ಆ ಹುಡುಗನಿಂದಲೇ ಶುರುಮಾಡಿ, 600 ಪದಗಳಲ್ಲಿ ಮತ್ತೆ ಬರೆದು ಕಳಿಸಿ. ತಾಲ್ಲೂಕು ಮಟ್ಟದ ಪಂದ್ಯಗಳಿಗೆ ತಿಂಗಳು ಮೊದಲೇ ಅದು ಅವರ ಕೈಗೆ ಸಿಗಬೇಕು.

— ಸಂಪಾದಕರು, ಮೈಸೂರು