ಅಪ್ಪಯ್ಯನ ಫೋನ್ ವಾಪಸ್ ಕೊಡಿ

ಶಿರಸಿ ಕಡೆಯ ಓದುಗರೊಬ್ಬರು ಬೆಂಗಳೂರಿನಿಂದ ಪತ್ರ ಬರೆದಿದ್ದಾರೆ. ಊರಿನಲ್ಲಿ ಅಪ್ಪಯ್ಯ, ಆಯಿ ಇಬ್ಬರೇ. ಅಪ್ಪಯ್ಯನಿಗೆ 74 ವರ್ಷ, ನಿವೃತ್ತ ಮಾಸ್ತರು. ಮುಂಬೈ ಪೊಲೀಸ್ ಅಂತ ಹೇಳಿಕೊಂಡ ಒಬ್ಬ ವಾಟ್ಸಾಪ್ ವಿಡಿಯೋದಲ್ಲಿ ಅವರನ್ನು ಎರಡು ದಿನ ಮೆತ್ತಿಯ (ಮಹಡಿಯ) ಕೋಣೆಯಲ್ಲಿ ಕೂರಿಸಿದ್ದ. 80 ಸಾವಿರ ಹೋಯಿತು. ಎಫ್‌ಡಿ ಮುರಿಸಲು ಬ್ಯಾಂಕಿಗೆ ಹೋದಾಗ, ಅಲ್ಲಿ ಕೆಲಸಕ್ಕಿದ್ದ ಹಳೇ ವಿದ್ಯಾರ್ಥಿಗೆ ಅನುಮಾನ ಬಂದು ಮಗಳಿಗೆ ಫೋನ್ ಮಾಡಿದ. ಉಳಿದದ್ದು ಉಳಿಯಿತು. ಮಗಳು ಊರಿಗೆ ಹೋಗಿ ಸ್ಮಾರ್ಟ್‌ಫೋನ್ ತೆಗೆದುಕೊಂಡು, ಬಟನ್ ಫೋನ್ ಕೊಟ್ಟು ಬಂದರು. ಅಂದಿನಿಂದ ಅಪ್ಪಯ್ಯ ಜಗಲಿಗೂ ಬರುತ್ತಿಲ್ಲ, ಮಾತೂ ಇಲ್ಲ. ‘ನಾನು ಮಾಡಿದ್ದು ತಪ್ಪಾ?’ ಎಂದು ಕೇಳಿದ್ದಾರೆ.

ನಮಸ್ಕಾರ. ನಿಮ್ಮ ಗಾಬರಿ ನನಗೆ ಅರ್ಥವಾಗುತ್ತದೆ. ಆದರೂ ಫೋನ್ ಕಸಿದುಕೊಂಡದ್ದು ತಪ್ಪೇ.

ನಿಮ್ಮ ಪತ್ರದ ಒಂದು ಸಾಲು ನನ್ನನ್ನು ಬಿಡುತ್ತಿಲ್ಲ. ಆಯಿ ಚಹಾ ತೆಗೆದುಕೊಂಡು ಮೆತ್ತಿ ಹತ್ತಿದಾಗ ಬಾಗಿಲು ಒಳಗಿನಿಂದ ಹಾಕಿತ್ತು. ‘ಕೆಳಗಿಟ್ಟು ಹೋಗು’ ಅಂದರಂತೆ. ಐವತ್ತು ವರ್ಷ ಒಟ್ಟಿಗೆ ಬಾಳಿದ ಹೆಂಡತಿಗೆ! ‘ಯಾರಿಗೂ ಹೇಳಬೇಡಿ, ಹೇಳಿದರೆ ಅವರನ್ನೂ ಕೇಸಿಗೆ ಸೇರಿಸುತ್ತೇವೆ’ ಎಂದು ಆ ಕಳ್ಳ ಹೆದರಿಸಿದ್ದ. ಈ ಮೋಸ ನಿಂತಿರುವುದೇ ಗುಟ್ಟಿನ ಮೇಲೆ. ಮನೆಯ ಒಬ್ಬರ ಕಿವಿಗೆ ಬಿದ್ದರೂ ಸಾಕು, ಅಲ್ಲಿಗೇ ಮುಗಿಯುತ್ತದೆ.

ನಮ್ಮ ದೊಡ್ಡಮ್ಮ ಅಂಕೋಲೆಯಲ್ಲಿದ್ದಾರೆ. ಅವರಿಗೂ ಹೀಗೇ ಆಯಿತು. ಅವರದ್ದು ವಿದ್ಯುತ್ ಬಿಲ್ಲಿನ ಹೆಸರಿನಲ್ಲಿ. ನಾಲ್ಕು ತಿಂಗಳು ಯಾರಿಗೂ ಹೇಳಲಿಲ್ಲ. ಪಾಸ್‌ಬುಕ್ಕನ್ನು ಅಕ್ಕಿ ಡಬ್ಬಿಯೊಳಗೆ ಹುಗಿದಿಟ್ಟಿದ್ದರು. ಸಿಕ್ಕಾಗ ಅದರ ಮೇಲೆಲ್ಲ ಅಕ್ಕಿ ಹುಡಿ. ‘ಹುಡುಗರು ಬೈತಾರೆ ಅಂತ ಸುಮ್ನಿದ್ದೆ’ ಅಂದರು. ದುಡ್ಡು ಹೋಗಿದ್ದಕ್ಕಿಂತ ಆ ನಾಲ್ಕು ತಿಂಗಳು ಅವರು ಒಬ್ಬರೇ ಅನುಭವಿಸಿದ್ದು ನನಗೆ ಜಾಸ್ತಿ ನೋವು ಕೊಟ್ಟಿತು. ನಮ್ಮ ಬೈಗುಳದ ಹೆದರಿಕೆಯೇ ಕಳ್ಳನಿಗೆ ಅನುಕೂಲವಾಗಿತ್ತು.

‘ಇಷ್ಟು ಓದಿದವರು ಹೇಗೆ ನಂಬಿದರು?’ ಎಂದು ಕೇಳಿದ್ದೀರಿ. ಓದಿದ್ದಕ್ಕೇ ನಂಬಿದರು. ಸರಕಾರಿ ಕಾಗದ ಬಂದರೆ ಕನ್ನಡಕ ಹಾಕಿಕೊಂಡು ಎರಡು ಸಲ ಓದುವ ತಲೆಮಾರು ಅದು. ಪೊಲೀಸರ ಹೆಸರು ಕೇಳಿದರೆ ನಿಮ್ಮ ಅಪ್ಪಯ್ಯನಂಥವರಿಗೆ ಮೊದಲು ಬರುವುದು ಮರ್ಯಾದೆಯ ಚಿಂತೆ. ಆ ಒಳ್ಳೆಯ ಗುಣವನ್ನೇ ಹಿಡಿದು ಎಳೆಯುತ್ತಾರೆ. ಹೀಗೆ ವಿಡಿಯೋ ಕರೆಯಲ್ಲೇ ಬಂಧಿಸಿದ್ದೇವೆ ಎಂದು ಹೆದರಿಸುವ ‘ಡಿಜಿಟಲ್ ಅರೆಸ್ಟ್’ ಎನ್ನುವುದು ನಮ್ಮ ಯಾವ ಕಾನೂನಿನಲ್ಲೂ ಇಲ್ಲ. 2024ರ ಅಕ್ಟೋಬರ್ 27ರ ‘ಮನ್ ಕೀ ಬಾತ್’ನಲ್ಲಿ ಪ್ರಧಾನಿಯವರು ಇದನ್ನೇ ಹೇಳಿದರು. ಅಂದು ಕೇಳಿಸಿದ್ದು ನಮ್ಮದೇ ವಿಜಯಪುರದ ಒಬ್ಬರಿಗೆ ಬಂದ ಇಂಥ ಕರೆಯನ್ನು. ನಿಮ್ಮ ಅಪ್ಪಯ್ಯನಿಗೆ ಇದನ್ನು ತಿಳಿಸಿ. ಬಿದ್ದವರು ತಾವೊಬ್ಬರೇ ಅಲ್ಲ ಅಂತ ಗೊತ್ತಾಗಲಿ.

ಬರುವ ಶನಿವಾರ ರಾತ್ರಿ ಬಸ್ಸಿಗೆ ಹೊರಟುಬಿಡಿ. ಫೋನ್ ಅವರ ಕೈಗೇ ಕೊಡಿ. ಮೊಮ್ಮಕ್ಕಳ ಮುಖ ನೋಡುವುದು ಅವರು ಅದರಲ್ಲೇ ಅಲ್ವಾ? ಬಟನ್ ಫೋನಿಗೂ ಕಳ್ಳರ ಕರೆ ಬಂದೇ ಬರುತ್ತದೆ. ನವೆಂಬರ್ ಬಂತೆಂದರೆ ಪಿಂಚಣಿದಾರರಿಗೆ ಜೀವಂತ ಪ್ರಮಾಣ ಪತ್ರದ ಹೆಸರಿನಲ್ಲಿ ಫೋನ್ ಮಾಡಿ ಒಟಿಪಿ ಕೇಳುವವರಿದ್ದಾರೆ. ಅದಕ್ಕೆ ಸ್ಮಾರ್ಟ್‌ಫೋನೇ ಬೇಕೆಂದಿಲ್ಲ.

ಆಮೇಲೆ ಇಬ್ಬರೂ ಸೇರಿ ಬ್ಯಾಂಕಿಗೆ ಹೋಗಿ, ದಿನಕ್ಕೆ ಕಳಿಸಬಹುದಾದ ಮೊತ್ತ ಕಡಿಮೆ ಮಾಡಿಸಿ. ಎಷ್ಟು ಎಂದು ಅವರೇ ಹೇಳಲಿ. ಮನೆಯಲ್ಲಿ ಒಂದು ಮಾತು ಮಾಡಿಕೊಳ್ಳಿ: ಹತ್ತು ಸಾವಿರ ದಾಟಿದರೆ ಅವರು ನಿಮಗೆ ಫೋನ್ ಮಾಡಬೇಕು, ನೀವೂ ಅವರಿಗೆ ಮಾಡಬೇಕು. ನೀವೂ ಎನ್ನುವುದನ್ನು ಮರೆಯಬೇಡಿ. ಅವರಿಗೆ ಮಾತ್ರ ಆದರೆ ಅದು ಕಾವಲು ಇಟ್ಟ ಹಾಗಾಗುತ್ತದೆ. ಫೋನ್ ಇಡುವ ಗೂಡಿನ ಹತ್ತಿರ ಒಂದು ಚೀಟಿ ಅಂಟಿಸಿ: ‘ಪೊಲೀಸರು ವಿಡಿಯೋದಲ್ಲಿ ಬಂಧಿಸುವುದಿಲ್ಲ. ಮೊದಲು ಆಯಿಗೆ ಹೇಳು. 1930.’ ಅದನ್ನು ಮಾಸ್ತರೇ ತಮ್ಮ ಅಕ್ಷರದಲ್ಲಿ ಬರೆಯಲಿ.

ದೂರು ಇನ್ನೂ ಕೊಟ್ಟಿಲ್ಲ ಎಂದಿದ್ದೀರಿ. ಅದಕ್ಕೆ ಶನಿವಾರದ ತನಕ ಕಾಯಬೇಡಿ. 1930 ಸೈಬರ್ ವಂಚನೆಯ ಸಹಾಯವಾಣಿ. ದುಡ್ಡು ಹೋದ ಮೊದಲ ಗಂಟೆಗಳಲ್ಲೇ ಹೇಳಿದ್ದರೆ ಅದನ್ನು ಕಳ್ಳನ ಖಾತೆಯಲ್ಲೇ ತಡೆಹಿಡಿಯುವ ಸಾಧ್ಯತೆ ಜಾಸ್ತಿ ಇತ್ತು. ಈಗ ಸಿಗುತ್ತದೆ ಎಂದು ನಾನು ಆಸೆ ಹುಟ್ಟಿಸಲಾರೆ. ಆದರೆ ದೂರು ದಾಖಲಾದರೆ ಆ ಖಾತೆಯ ಬೆನ್ನು ಹತ್ತಬಹುದು, ಇನ್ನೊಬ್ಬ ಮಾಸ್ತರರ ಎಫ್‌ಡಿ ಉಳಿಯಬಹುದು. ಇಂಥ ಸೈಬರ್ ಅಪರಾಧಗಳಿಗೆಂದು ಕಾರವಾರದಲ್ಲಿ ಪೊಲೀಸ್ ಠಾಣೆ ಇದೆ. ಆದರೆ ಅಷ್ಟು ದೂರ ಘಟ್ಟ ಇಳಿಯಬೇಕೆಂದಿಲ್ಲ, ಸೈಬರ್ ಕ್ರೈಂ ಪೋರ್ಟಲ್‌ನಲ್ಲೂ ದೂರು ಬರೆಯಬಹುದು. ಯಾವ ನಂಬರಿನಿಂದ ಕರೆ ಬಂತು, ಯಾವ ಖಾತೆಗೆ ದುಡ್ಡು ಹೋಯಿತು, ಎಷ್ಟು ಹೊತ್ತಿಗೆ ಎಂಬುದನ್ನು ಎದುರಿಗೆ ಇಟ್ಟುಕೊಳ್ಳಿ. ವಾಟ್ಸಾಪ್ ಮೆಸೇಜುಗಳನ್ನು ಅಳಿಸಬೇಡಿ.

ಇವತ್ತೇ ಆ ಬಟನ್ ಫೋನಿಗೆ ಕರೆ ಮಾಡಿ, ‘ಅಪ್ಪಯ್ಯಾ, ದೂರು ಬರೆಯಬೇಕು, ನೀವು ಹೇಳ್ತಾ ಹೋಗಿ, ನಾನು ಬರೆದುಕೊಳ್ತೇನೆ’ ಎನ್ನಿ.

— ಸಂಪಾದಕ