ಕ್ಯಾಮ್‌ಕಾರ್ಡರ್ ಟೇಪನ್ನು ಕ್ಯಾಪ್ಚರ್ ಮಾಡುವಾಗ ಫ್ರೇಮ್‌ಗಳು ಬಿದ್ದುಹೋಗುತ್ತಿವೆ. ಹೊಸ ಕಂಪ್ಯೂಟರ್ ಕೊಳ್ಳಬೇಕೇ?

ಮಿನಿಡಿವಿ ಎಂಬ ಪುಟ್ಟ ಡಿಜಿಟಲ್ ವೀಡಿಯೊ (ಡಿವಿ) ಟೇಪನ್ನು ಕ್ಯಾಪ್ಚರ್ ಮಾಡಲು, ಎಂದರೆ ಕಂಪ್ಯೂಟರಿಗೆ ಇಳಿಸಲು, 8 ಸಲ ಓಡಿಸಿದರೂ ಪ್ರತಿ ಸಲ ಒಂದಷ್ಟು ಫ್ರೇಮ್‌ಗಳು (ವೀಡಿಯೊದ ಬಿಡಿ ಚಿತ್ರಗಳು) ಬಿದ್ದುಹೋದವೆಂದೂ, ಆ ಫೈಲುಗಳನ್ನೆಲ್ಲ ಅಳಿಸಿ ಮತ್ತೆ ಮತ್ತೆ ಮೊದಲಿನಿಂದ ಶುರು ಮಾಡಿದ್ದಾಗಿಯೂ ಬರೆದು, ಇನ್ನು ಹೆಚ್ಚು ವೇಗದ ಕಂಪ್ಯೂಟರನ್ನೇ ಕೊಳ್ಳಬೇಕೇ ಎಂದು ಕೇಳಿದ್ದೀರಿ. 2008ರಲ್ಲಿ ನಾನೂ ಇದನ್ನೇ ಮಾಡಿದ್ದೆ, 8 ಸಲವಲ್ಲ, 14 ಸಲ. ಆದ್ದರಿಂದ ಕಂಪ್ಯೂಟರಿನ ಮಾತಿಗೆ ಮೊದಲು ಒಂದು ವಿನಂತಿ: ಈ ಉತ್ತರವನ್ನು ಓದಿ ಮುಗಿಸುವವರೆಗೆ ದಯವಿಟ್ಟು ಆ ಟೇಪನ್ನು ಒಂಬತ್ತನೆಯ ಸಲ ಓಡಿಸಬೇಡಿ.

ನನ್ನ ಟೇಪಿನಲ್ಲಿದ್ದದ್ದು ಅಮ್ಮ ನನ್ನ ತಮ್ಮನಿಗೆ ಸೈಕಲ್ ಕಲಿಸುತ್ತಿದ್ದ ದೃಶ್ಯ. ಸೀಟಿನ ಹಿಂಬದಿ ಹಿಡಿದು ಓಡುತ್ತಾ ಬರುವ ಅಮ್ಮ ಒಂದು ಹಂತದಲ್ಲಿ ಸದ್ದಿಲ್ಲದೆ ಕೈ ತೆಗೆಯುತ್ತಾಳೆ; ಅದು ಗೊತ್ತಿಲ್ಲದ ತಮ್ಮ "ಬಿಡಬೇಡಮ್ಮಾ, ಬಿಡಬೇಡ" ಎನ್ನುತ್ತಲೇ ಒಬ್ಬನೇ ಮುಂದೆ ಹೋಗಿಬಿಡುತ್ತಾನೆ. ಅಮ್ಮ ತೀರಿಕೊಂಡ ಮೇಲೆ ಅದನ್ನು ಕಂಪ್ಯೂಟರಿಗೆ ಇಳಿಸಲು ಕುಳಿತೆ. 60 ನಿಮಿಷದ ಟೇಪೆಂದರೆ ಸೆಕೆಂಡಿಗೆ 25ರಂತೆ 90,000 ಫ್ರೇಮ್‌ಗಳು. ಮೊದಲ ಸಲ ಅವುಗಳಲ್ಲಿ 61 ಬಿದ್ದುಹೋದವೆಂದು ತಂತ್ರಾಂಶ ತೋರಿಸಿತು. ಫೈಲನ್ನು ತೆರೆದು ನೋಡಿದರೆ ಅಮ್ಮ ಕೈಬಿಡುವ ಜಾಗದಲ್ಲೇ ಚಿತ್ರ ಜಿಗಿದಿತ್ತು: ಈ ಕ್ಷಣ ಅವಳ ಕೈ ಸೀಟಿನ ಮೇಲಿದೆ, ಮರುಕ್ಷಣ ತಮ್ಮ ಎಷ್ಟೋ ದೂರ ಸಾಗಿದ್ದಾನೆ. ಆ ಫೈಲನ್ನು ಅಳಿಸಿ ಟೇಪನ್ನು ಹಿಂದಕ್ಕೆ ಸುತ್ತಿದೆ.

ಎರಡನೆಯ ಸಲ 12 ಫ್ರೇಮ್‌ಗಳು ಬಿದ್ದವು, ಮೂರನೆಯ ಸಲ 130. ಟೇಪೇ ಕೆಟ್ಟಿರಬೇಕೆಂದು ಭಾವಿಸಿ ಕ್ಯಾಮ್‌ಕಾರ್ಡರಿನಲ್ಲಿ ಆ ಸೈಕಲ್ ದೃಶ್ಯಕ್ಕೆ ಹೋಗುವುದು, ಪಾಜ್ ಒತ್ತುವುದು, ಒಂದೊಂದೇ ಫ್ರೇಮ್ ಮುಂದೆ ಸರಿಸುವುದು, ಮತ್ತೆ ಹಿಂದಕ್ಕೆ ಬರುವುದು, ಹೀಗೆ ಮಾಡತೊಡಗಿದೆ. ಒಂದೇ ರಾತ್ರಿಯಲ್ಲಿ ಟೇಪನ್ನು ಓದುವ ಹೆಡ್ಡನ್ನು ಸ್ವಚ್ಛಗೊಳಿಸುವ ಕ್ಯಾಸೆಟನ್ನು ನಾಲ್ಕು ಸಲ ಹಾಕಿದೆ. ಕ್ಯಾಮ್‌ಕಾರ್ಡರನ್ನು ಕಂಪ್ಯೂಟರಿಗೆ ಜೋಡಿಸುವ ಫೈರ್‌ವೈರ್ ಕೇಬಲನ್ನು ಬದಲಿಸಿದೆ, ಮೆಮರಿ ಹೆಚ್ಚಿಸಿದೆ. ಹದಿನೈದನೆಯ ಸಲ ಓಡಿಸುತ್ತಿದ್ದಾಗ ಸರಿಯಾಗಿ ಆ ಜಾಗದಲ್ಲೇ ಟೇಪು ಒಳಗೆ ಸಿಕ್ಕಿಹಾಕಿಕೊಂಡಿತು. ಹೊರಗೆ ತೆಗೆದಾಗ ಒಂದು ಗೇಣಿನಷ್ಟು ಟೇಪು ಸುಕ್ಕುಗಟ್ಟಿತ್ತು. ಸಾಮಾನ್ಯ ವೇಗದಲ್ಲಿ ಮಿನಿಡಿವಿ ಟೇಪು ಸೆಕೆಂಡಿಗೆ 19 ಮಿಲಿಮೀಟರಿಗಿಂತ ತುಸು ಕಡಿಮೆ ಚಲಿಸುತ್ತದೆ. ಒಂದು ಗೇಣೆಂದರೆ ಸುಮಾರು 12 ಸೆಕೆಂಡು. ಆ 12 ಸೆಕೆಂಡುಗಳಲ್ಲಿ ಈಗ ಉಳಿದಿರುವುದು ಬಣ್ಣದ ಚೌಕಗಳು ಮಾತ್ರ.

ಅದು ಅಲ್ಲೇ ಸಿಕ್ಕಿಕೊಂಡದ್ದು ವಿಧಿಯಾಟವೇನಲ್ಲ. ಪಾಜ್ ಒತ್ತಿದಾಗ ಟೇಪು ನಿಲ್ಲುತ್ತದೆಯೇ ಹೊರತು ಹೆಡ್ ಇರುವ ಡ್ರಮ್ ನಿಲ್ಲುವುದಿಲ್ಲ. ಅದು ನಿಮಿಷಕ್ಕೆ 9,000 ಸುತ್ತಿನಂತೆ ತಿರುಗುತ್ತಾ 6.35 ಮಿಲಿಮೀಟರ್ ಅಗಲದ ಆ ತೆಳು ಟೇಪಿನ ಒಂದೇ ಜಾಗವನ್ನು ಉಜ್ಜುತ್ತಲೇ ಇರುತ್ತದೆ. ಕೆಲವು ನಿಮಿಷಗಳಾದ ಮೇಲೆ ಕ್ಯಾಮ್‌ಕಾರ್ಡರ್ ತಾನಾಗಿಯೇ ಪಾಜ್ ಬಿಡಿಸಿಕೊಳ್ಳುವುದು ಇದೇ ಕಾರಣಕ್ಕೆ. ಎಲ್ಲಕ್ಕಿಂತ ಹೆಚ್ಚು ಪ್ರೀತಿಸಿದ ತುಣುಕನ್ನೇ ನಾನು ಎಲ್ಲಕ್ಕಿಂತ ಹೆಚ್ಚು ಸವೆಸಿದ್ದೆ.

ಆದರೆ ನಾನು ತೆತ್ತ ಬೆಲೆಗೆ ನಿಜವಾದ ಕಾರಣ ಇದಲ್ಲ. ಟೇಪು ಹಾಳಾಗಿ ಒಂದು ವಾರವಾದ ಮೇಲೆ, ಕ್ಯಾಪ್ಚರ್ ತಂತ್ರಾಂಶ ಪ್ರತಿ ಸಲವೂ ಬರೆದಿಟ್ಟಿದ್ದ ಲಾಗ್ ಫೈಲುಗಳು ಕಂಪ್ಯೂಟರಿನಲ್ಲಿ ಹಾಗೆಯೇ ಉಳಿದಿರುವುದು ಕಣ್ಣಿಗೆ ಬಿತ್ತು. ಯಾವ ಯಾವ ಟೈಮ್‌ಕೋಡಿನಲ್ಲಿ (ಟೇಪಿನಲ್ಲಿ ಪ್ರತಿ ಫ್ರೇಮಿನ ಜಾಗ ತಿಳಿಸುವ ಸಂಖ್ಯೆ) ಫ್ರೇಮ್ ಬಿದ್ದಿದೆ ಎಂಬುದು ಅವುಗಳಲ್ಲಿ ಸಾಲುಸಾಲಾಗಿ ಇತ್ತು. ಹದಿನಾಲ್ಕನ್ನೂ ಪಕ್ಕಪಕ್ಕದಲ್ಲಿ ತೆರೆದೆ. ಸೈಕಲ್ ದೃಶ್ಯದಲ್ಲಿ ಫ್ರೇಮ್ ಬಿದ್ದದ್ದು ಮೂರು ಸಲ ಮಾತ್ರ. ಉಳಿದ ಹನ್ನೊಂದು ಸಲ ಅಮ್ಮ ಕೈಬಿಡುವುದು, ತಮ್ಮ ಮುಂದೆ ಹೋಗುವುದು, ಅವನ ಕೂಗು, ಎಲ್ಲವೂ ಒಂದು ಫ್ರೇಮೂ ತಪ್ಪದೆ ನನ್ನ ಹಾರ್ಡ್ ಡಿಸ್ಕಿಗೆ ಬಂದು ಕುಳಿತಿತ್ತು. ಬೇರೆಲ್ಲೋ ಐದೋ ಹತ್ತೋ ಫ್ರೇಮ್ ಬಿದ್ದಿವೆ ಎಂಬ ಕಾರಣಕ್ಕೆ ಆ ಹನ್ನೊಂದು ಫೈಲುಗಳನ್ನೂ ನಾನೇ ಅಳಿಸಿ ಹಾಕಿದ್ದೆ.

ಇದನ್ನು ಇನ್ನಷ್ಟು ಬಿಡಿಸಿ ಹೇಳಬೇಕು, ಏಕೆಂದರೆ ನಿಮ್ಮ ಪ್ರಶ್ನೆಯಲ್ಲಿ ನನಗೆ ಕಂಡದ್ದು ಇದೇ ತಪ್ಪು. ಟೇಪಿನ ಪ್ರತಿಯೊಂದು ಓಟವನ್ನೂ ನಾನು ಪರೀಕ್ಷೆ ಎಂದುಕೊಂಡಿದ್ದೆ. ನಪಾಸಾದ ಪರೀಕ್ಷೆಯ ಉತ್ತರಪತ್ರಿಕೆಯನ್ನು ಯಾರು ಇಟ್ಟುಕೊಳ್ಳುತ್ತಾರೆ? ಆದರೆ ಪ್ರತಿ ಓಟವೂ ಒಂದು ಕೊಯ್ಲು. ಡಿವಿ ಟೇಪಿನಿಂದ ಫೈರ್‌ವೈರ್ ಮೂಲಕ ಬರುವುದು ಚಿತ್ರದ ನಕಲಲ್ಲ, ಟೇಪಿನ ಮೇಲೆ ಅಂಕಿಗಳಾಗಿ ಬರೆದಿರುವ ದತ್ತಾಂಶವೇ ನೇರವಾಗಿ ಬರುತ್ತದೆ. ಹೆಡ್ ಸರಿಯಾಗಿ ಓದಿದ ಒಂದು ಫ್ರೇಮ್ ಮೊದಲ ಓಟದಲ್ಲಿ ಬಂದರೂ ಹತ್ತನೆಯ ಓಟದಲ್ಲಿ ಬಂದರೂ ಅದೇ ಫ್ರೇಮ್. ಪ್ರತಿ ಫ್ರೇಮಿನೊಳಗೂ ಅದರ ಟೈಮ್‌ಕೋಡ್ ಅಡಕವಾಗಿರುತ್ತದೆ. ಹಾಗಿರುವಾಗ ಬೇರೆ ಬೇರೆ ಜಾಗಗಳಲ್ಲಿ ಫ್ರೇಮ್ ಕಳೆದುಕೊಂಡ ಎರಡು ದೋಷಪೂರ್ಣ ಫೈಲುಗಳನ್ನು ಜೋಡಿಸಿದರೆ ದೋಷವಿಲ್ಲದ ಒಂದು ಫೈಲು ಸಿಗುತ್ತದೆ. ಎಡಿಟಿಂಗ್ ತಂತ್ರಾಂಶದಲ್ಲಿ ಒಂದರ ಕೆಳಗೊಂದಿಟ್ಟು ಕೈಯಿಂದಲೇ ಹೀಗೆ ತೇಪೆ ಹಾಕಬಹುದು. ಈಗಂತೂ ಇದೇ ಕೆಲಸವನ್ನು ತಾನಾಗಿ ಮಾಡುವ ಡಿವಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶವೂ ಇದೆ. ನನಗೆ ಬೇಕಾಗಿದ್ದದ್ದು ಎರಡು, ಹೆಚ್ಚೆಂದರೆ ಮೂರು ಓಟ. ಲಾಗ್ ನೋಡಿದರೆ ಎರಡನೆಯ ಮತ್ತು ಐದನೆಯ ಓಟಗಳು ಸೇರಿದರೆ ಸಾಕಿತ್ತು. ಕೌಂಟರಿನಲ್ಲಿ ಸೊನ್ನೆಯನ್ನೇ ಕಾಣಬೇಕೆಂಬ ಹಠಕ್ಕೆ ಬಿದ್ದು, ಗಂಟೆಗೆ ಸುಮಾರು 13 ಗಿಗಾಬೈಟ್ ಜಾಗವನ್ನು ಉಳಿಸಲು ಹೋಗಿ, ಮತ್ತೆಂದೂ ಸಿಗದದ್ದನ್ನು ಕಳೆದುಕೊಂಡೆ.

ಹೊಸ ಕಂಪ್ಯೂಟರಿನ ಪ್ರಶ್ನೆಗೆ ನನ್ನ ಉತ್ತರ: ಬೇಡ. ವೇಗ ಸಾಲದೆ ಫ್ರೇಮ್ ಬೀಳುತ್ತಿದೆ ಎಂಬ ನಿಮ್ಮ ಊಹೆಯನ್ನೇ ನಾನು ಒಪ್ಪುವುದಿಲ್ಲ. ಡಿವಿಗೆ ಬೇಕಾಗಿರುವುದು ಸೆಕೆಂಡಿಗೆ ಸುಮಾರು 3.6 ಮೆಗಾಬೈಟ್, ನೀವು ಈಗ ಬಳಸುತ್ತಿರುವ ಯಾವ ಡಿಸ್ಕಾದರೂ ಅದರ ಎಷ್ಟೋ ಪಟ್ಟು ಬರೆಯಬಲ್ಲದು. ತೊಂದರೆ ಇರುವುದು ಸರಾಸರಿ ವೇಗದಲ್ಲಲ್ಲ, ನಡುನಡುವೆ ಆಗುವ ತಡೆಯಲ್ಲಿ. ಫೈರ್‌ವೈರ್ ವೀಡಿಯೊವನ್ನು ಸೆಕೆಂಡಿಗೆ 8,000 ಆವರ್ತಗಳಲ್ಲಿ ಕಳುಹಿಸುತ್ತಾ ಹೋಗುತ್ತದೆ. ಈ ಬಗೆಯ ರವಾನೆಯಲ್ಲಿ "ಅದು ಸಿಗಲಿಲ್ಲ, ಮತ್ತೊಮ್ಮೆ ಕೊಡು" ಎಂದು ಕೇಳುವ ಅವಕಾಶವೇ ಇಲ್ಲ, ಟೇಪೂ ಕಾಯುವುದಿಲ್ಲ. ನಿಲ್ಲದೆ ಸುರಿಯುವ ನಲ್ಲಿಯ ಕೆಳಗಿನ ಕೊಡದಂತೆ ಮೆಮರಿಯಲ್ಲಿ ಒಂದು ಬಫರ್ ಇರುತ್ತದೆ. ಅದನ್ನು ಡಿಸ್ಕಿಗೆ ಬಗ್ಗಿಸುವ ಕೆಲಸ ಕೆಲವೇ ಸೆಕೆಂಡು ನಿಂತರೂ ಕೊಡ ತುಂಬಿ ಚೆಲ್ಲುತ್ತದೆ. ಚೆಲ್ಲಿದ್ದೇ ಬಿದ್ದುಹೋದ ಫ್ರೇಮ್. ನಲ್ಲಿಯ ಕೆಳಗೆ ಇನ್ನೂ ದುಬಾರಿ ಕೊಡ ಇಟ್ಟು ಪ್ರಯೋಜನವಿಲ್ಲ, ಬಗ್ಗಿಸುವವರನ್ನು ನಡುವೆ ಕರೆಯುತ್ತಿರುವವರು ಯಾರೆಂದು ನೋಡಬೇಕು.

ನನ್ನ ಯಂತ್ರದಲ್ಲಿ ಕಾರಣ ತೀರ ಸಣ್ಣದಾಗಿತ್ತು. ಹಾರ್ಡ್ ಡಿಸ್ಕಿನ ಪಟ್ಟಿ ಕೇಬಲ್ ಸಡಿಲವಾಗಿತ್ತು. ಅದರಿಂದ ಮತ್ತೆ ಮತ್ತೆ ದೋಷಗಳು ಬಂದಾಗ ಆಪರೇಟಿಂಗ್ ಸಿಸ್ಟಮ್ ಏನೊಂದೂ ತಿಳಿಸದೆ ಡಿಸ್ಕನ್ನು ಡಿಎಂಎ ಕ್ರಮದಿಂದ ಪಿಐಒ ಕ್ರಮಕ್ಕೆ ಇಳಿಸಿತ್ತು. ಎಂದರೆ ದತ್ತಾಂಶ ತಾನಾಗಿ ಮೆಮರಿಯಿಂದ ಡಿಸ್ಕಿಗೆ ಹೋಗುವ ಬದಲು ಪ್ರೊಸೆಸರೇ ಅದನ್ನು ತುಣುಕುತುಣುಕಾಗಿ ಹೊರಬೇಕಾಗಿತ್ತು. ಗಮನಿಸಿ, ಪಿಐಒ ಕ್ರಮದ ಗರಿಷ್ಠ ವೇಗವೂ ಕಾಗದದ ಮೇಲೆ ಸೆಕೆಂಡಿಗೆ 16.6 ಮೆಗಾಬೈಟ್, ವೇಗದ ಲೆಕ್ಕದಲ್ಲಿ ಅದೂ ಸಾಕಿತ್ತು. ಆದರೆ ಪ್ರೊಸೆಸರಿಗೆ ಬೇರೆ ಯಾವ ಕೆಲಸ ಬಂದರೂ ಕೊಡ ಚೆಲ್ಲುತ್ತಿತ್ತು. ಕೇಬಲ್ ಬದಲಿಸಿ ಡಿಎಂಎ ಮರಳಿಸಿದ ಮೇಲೆ ಅದೇ ಹಳೆಯ ಕಂಪ್ಯೂಟರಿನಲ್ಲಿ ಉಳಿದ ಎಲ್ಲ ಟೇಪುಗಳೂ ಒಂದು ಫ್ರೇಮೂ ಬೀಳದೆ ಇಳಿದವು.

ಈಗಿನ ಡಿಸ್ಕುಗಳಲ್ಲಿ ಆ ತೊಂದರೆ ಇಲ್ಲ, ಆದರೆ ತಡೆಯೊಡ್ಡುವವರು ಬೇರೆ ಇದ್ದಾರೆ. ನಾನು ಮೊದಲು ಅನುಮಾನಿಸುವುದು ಬೆಳೆಯುತ್ತಿರುವ ಫೈಲನ್ನು ಪದೇ ಪದೇ ಮುಟ್ಟಿ ನೋಡುವ ಆಂಟಿವೈರಸ್ಸನ್ನು, ಆಮೇಲೆ ಅದೇ ಫೋಲ್ಡರನ್ನು ಅಂತರ್ಜಾಲಕ್ಕೆ ಏರಿಸಲು ಹೊರಡುವ ಕ್ಲೌಡ್ ಸಿಂಕನ್ನು, ಆಮೇಲೆ ವಿದ್ಯುತ್ ಉಳಿಸಲು ನಿದ್ರೆಗೆ ಜಾರುವ ಎಕ್ಸ್‌ಟರ್ನಲ್ ಡಿಸ್ಕನ್ನು. ಕ್ಯಾಪ್ಚರ್ ಆಗುತ್ತಿರುವಾಗ ತೆರೆಯ ಮೇಲೆ ಪ್ರಿವ್ಯೂ ಬೇಡ. ಸುಮಾರು 19 ನಿಮಿಷಕ್ಕೆ ಕ್ಯಾಪ್ಚರ್ ನಿಂತುಹೋಗುತ್ತಿದ್ದರೆ ಅದು ಫ್ರೇಮ್ ಬೀಳುವ ಸಮಸ್ಯೆಯೇ ಅಲ್ಲ. ನಿಮ್ಮ ಡಿಸ್ಕು ಫ್ಯಾಟ್32 ವಿನ್ಯಾಸದಲ್ಲಿದೆ, ಅದರಲ್ಲಿ ಒಂದು ಫೈಲು 4 ಗಿಗಾಬೈಟ್ ದಾಟುವಂತಿಲ್ಲ. ಫೈರ್‌ವೈರನ್ನು ಯುಎಸ್‌ಬಿಗೆ ಸೇರಿಸುವ ಬರಿಯ ಕೇಬಲನ್ನು ಮಾತ್ರ ಕೊಳ್ಳಬೇಡಿ; ಎರಡರ ಭಾಷೆಯೇ ಬೇರೆ, ತುದಿ ಬದಲಾದ ಮಾತ್ರಕ್ಕೆ ಅವು ಮಾತಾಡಿಕೊಳ್ಳುವುದಿಲ್ಲ.

ಇದನ್ನೆಲ್ಲ ಪರೀಕ್ಷಿಸಲು ಟೇಪಿನ ಅಗತ್ಯವೇ ಇಲ್ಲ ಎಂಬುದು ನನಗೆ ಅಂದು ಗೊತ್ತಿರಲಿಲ್ಲ. ಕ್ಯಾಸೆಟನ್ನು ಹೊರಗೆ ತೆಗೆಯಿರಿ, ಕ್ಯಾಮ್‌ಕಾರ್ಡರನ್ನು ಅಡಾಪ್ಟರಿಗೆ ಜೋಡಿಸಿ, ಪ್ಲೇ ಕ್ರಮದ ಬದಲು ಕ್ಯಾಮೆರಾ ಕ್ರಮದಲ್ಲಿಡಿ. ಲೆನ್ಸಿನ ಮುಂದಿರುವ ದೃಶ್ಯ ಅದೇ ಡಿವಿ ರೂಪದಲ್ಲಿ, ಅದೇ ಪ್ರಮಾಣದಲ್ಲಿ ಫೈರ್‌ವೈರಿಗೆ ಬರುತ್ತದೆ. ಕ್ಯಾಸೆಟ್ ಇಲ್ಲದಿದ್ದರೆ ಹಲವು ಕ್ಯಾಮ್‌ಕಾರ್ಡರ್‌ಗಳು ತಾವಾಗಿ ಆಫ್ ಆಗುವುದೂ ಇಲ್ಲ. ಡೆಮೊ ಶುರುವಾದರೆ ಮೆನುವಿನಲ್ಲಿ ಅದನ್ನು ನಿಲ್ಲಿಸಿ. ಸೆಕೆಂಡಿನ ಮುಳ್ಳಿರುವ ಗಡಿಯಾರದ ಎದುರು ಇಟ್ಟು ಒಂದು ಗಂಟೆ ಕ್ಯಾಪ್ಚರ್ ಮಾಡಿ. ಫ್ರೇಮ್ ಬಿದ್ದರೆ ದೋಷ ಕಂಪ್ಯೂಟರಿನದೋ ಕೇಬಲಿನದೋ ಇರಬೇಕು. ಮೇಲೆ ಹೇಳಿದವನ್ನು ಒಂದೊಂದಾಗಿ ನಿಲ್ಲಿಸುತ್ತಾ ಮತ್ತೆ ನೋಡಿ. ಹತ್ತು ಸಲ ಮಾಡಿದರೂ ಏನೂ ಸವೆಯುವುದಿಲ್ಲ.

ಇಡೀ ಗಂಟೆ ಒಂದೂ ಬೀಳದಿದ್ದರೆ ಮಾತ್ರ ಟೇಪನ್ನು ಹಾಕಿ, ಪಾಜ್ ಒತ್ತದೆ, ಒಂದೇ ಓಟದಲ್ಲಿ ಪೂರ್ತಿ ಇಳಿಸಿಕೊಳ್ಳಿ. ಆಮೇಲೂ ತೊಂದರೆ ಕಂಡರೆ ಅದರ ರೂಪವನ್ನು ಗಮನಿಸಿ: ಚಿತ್ರ ಸ್ವಚ್ಛವಾಗಿದ್ದು ಚಲನೆ ಮಾತ್ರ ಜಿಗಿದರೆ ಕಂಪ್ಯೂಟರ್ ಫ್ರೇಮ್ ಬಿಟ್ಟಿದೆ, ಚಿತ್ರದಲ್ಲಿ ಚೌಕಗಳೆದ್ದು ಧ್ವನಿ ಚಟಚಟ ಎಂದರೆ ಹೆಡ್ಡು ಟೇಪನ್ನು ಓದಲಾರದೆ ಹೋಗಿದೆ. ಎರಡನೆಯದಕ್ಕೆ ಸ್ವಚ್ಛಗೊಳಿಸುವ ಕ್ಯಾಸೆಟನ್ನು ಒಮ್ಮೆ, ಹತ್ತು ಸೆಕೆಂಡಿನೊಳಗೆ, ಬಳಸಿ ನಿಲ್ಲಿಸಿ. ನನ್ನಂತೆ ನಾಲ್ಕು ಸಲ ಉಜ್ಜಿದರೆ ಹೆಡ್ಡೇ ಸವೆಯುತ್ತದೆ. ಎಲ್‌ಪಿ ಕ್ರಮದಲ್ಲಿ (ಅದೇ ಟೇಪಿನಲ್ಲಿ ಹೆಚ್ಚು ಹೊತ್ತು ಹಿಡಿಸಲು ಅದನ್ನು ನಿಧಾನವಾಗಿ ಓಡಿಸುವ ಕ್ರಮ) ಚಿತ್ರೀಕರಿಸಿದ ಟೇಪಾದರೆ ಅದರ ಪಥಗಳು ಇನ್ನೂ ಕಿರಿದಾಗಿರುವುದರಿಂದ, ಯಾವ ಕ್ಯಾಮ್‌ಕಾರ್ಡರಿನಲ್ಲಿ ಚಿತ್ರೀಕರಿಸಲಾಗಿತ್ತೋ ಅದರಲ್ಲೇ ಓಡಿಸುವುದು ಒಳ್ಳೆಯದು. ಟೇಪಿನ ನಡುವೆ ಖಾಲಿ ಜಾಗವಿದ್ದರೆ ಕೆಲವು ತಂತ್ರಾಂಶಗಳು ಅದನ್ನೂ ಬಿದ್ದ ಫ್ರೇಮ್ ಎಂದೇ ಎಣಿಸುತ್ತವೆ, ಅದಕ್ಕೆ ಕಳವಳಪಡಬೇಡಿ.

ಆದರೆ ಇವೆಲ್ಲ ನಾಳೆಯ ಕೆಲಸ. ಇವತ್ತು ಮೊದಲು ನಿಮ್ಮ ರಿಸೈಕಲ್ ಬಿನ್ ತೆರೆಯಿರಿ. ಅಳಿಸಿದ ಎಂಟು ಫೈಲುಗಳಲ್ಲಿ ಎರಡು ಮೂರಾದರೂ ಅಲ್ಲಿ ಉಳಿದಿದ್ದರೆ ಅವನ್ನು ಹೊರತೆಗೆದು ಬೇರೊಂದು ಡಿಸ್ಕಿನಲ್ಲಿಡಿ, ಜೊತೆಗೆ ಲಾಗ್ ಫೈಲುಗಳನ್ನೂ ಹುಡುಕಿ. ಯಾವ ಯಾವ ಟೈಮ್‌ಕೋಡಿನಲ್ಲಿ ಫ್ರೇಮ್ ಬಿದ್ದಿದೆ ಎಂಬ ಪಟ್ಟಿಯನ್ನು ಈ ಉತ್ತರದ ಕೆಳಗೆ ಬರೆದರೆ, ಅವುಗಳನ್ನು ಜೋಡಿಸಿ ಪೂರ್ತಿ ಟೇಪನ್ನು ಪಡೆಯಲು ಸಾಧ್ಯವೇ ಎಂದು ನಾನು ಕುಳಿತು ನೋಡಿ ಹೇಳುತ್ತೇನೆ. ಬಹುಶಃ ನೀವು ಆ ಟೇಪನ್ನು ಮತ್ತೆ ಓಡಿಸಬೇಕಾಗಿಯೇ ಇಲ್ಲ.