ಹರಾಜಿನಲ್ಲಿ ಹುಲಿ, ಲೆಕ್ಕದಲ್ಲಿ ಇಲಿ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಕೋಲಾರದ ಟೊಮೆಟೊ ಮಂಡಿಯೊಂದರಲ್ಲಿ ಕೆಲಸ ಮಾಡುವವರು, ವಯಸ್ಸು 36. ನನ್ನ ಬಳಿ ಕರೆದುಕೊಂಡು ಬಂದದ್ದು ಹೆಂಡತಿ. "ಇವರು ಎಲ್ಲೋ ದುಡ್ಡು ಕಳೀತಿದ್ದಾರೆ ಮೇಡಂ. ಜೂಜೋ ಏನೋ ಗೊತ್ತಿಲ್ಲ" ಅನ್ನೋದು ಆಕೆಯ ದೂರು. ಅವರು ತಲೆ ತಗ್ಗಿಸಿ ಕೂತಿದ್ದರು, ಕಾಲು ಮಾತ್ರ ಒಂದೇ ಸಮನೆ ಅಲ್ಲಾಡುತ್ತಿತ್ತು.

ಜೂಜು ಇರಲಿಲ್ಲ. ಖಾತೆಯಲ್ಲಿ ಹಣ ಇದ್ದೂ ಕಟ್ಟಲು ಮರೆತ ಬೈಕ್ ಕಂತಿನ ದಂಡ, ಎಲ್ಲೋ ಬಿಟ್ಟುಬಂದ ಮೊಬೈಲ್, ಹಿಂದೆಮುಂದೆ ನೋಡದೆ ಕೊಂಡ ಹಳೇ ಟೆಂಪೊ, ಹೀಗೆ ಹೋಗಿತ್ತು ದುಡ್ಡು. ಹರಾಜಿಗೆ ನಿಂತರೆ ಮಾತ್ರ ಇವರ ಸಮ ಯಾರೂ ಇಲ್ಲ. ಅಷ್ಟು ಗದ್ದಲದಲ್ಲೂ 15 ಕಿಲೋ ಬಾಕ್ಸಿಗೆ ಯಾರು ಎಷ್ಟು ಕೂಗಿದರು ಅನ್ನೋದು ತಪ್ಪುವುದಿಲ್ಲ. ಆಮೇಲೆ ರೈತರ ಬಿಲ್ ಬರೆಯಲು ಕೂತರೆ ಮುಗಿಯಿತು. ಒಂದು ಬರೆದು ಟೀಗೆ ಏಳುತ್ತಾರೆ, ಅಲ್ಲಿಂದ ಯಾರದೋ ಲಾರಿ ಲೋಡ್ ಮಾಡಿಸಲು ಹೋಗುತ್ತಾರೆ. "ಹರಾಜಿನಲ್ಲಿ ಹುಲಿ, ಲೆಕ್ಕದಲ್ಲಿ ಇಲಿ" ಅಂತ ಮಂಡಿಯವರು ಆಡಿಕೊಳ್ಳುತ್ತಿದ್ದರಂತೆ.

ನನಗೆ ಅನುಮಾನ ಬಂದದ್ದು ಎಡಿಎಚ್‌ಡಿ ಮೇಲೆ, ಅಂದರೆ ಗಮನ ನಿಲ್ಲದಿರುವುದು, ಚಡಪಡಿಕೆ, ದುಡುಕು ಚಿಕ್ಕಂದಿನಿಂದಲೇ ಕಾಡುವ ತೊಂದರೆ. ಇದು ಇರುವವರಿಗೆ ಗಮನವೇ ಇರಲ್ಲ ಅಂತಲ್ಲ. ಬೇಕಾದ ಕಡೆ ಅದನ್ನು ಹಿಡಿದು ನಿಲ್ಲಿಸೋಕೆ ಆಗುವುದಿಲ್ಲ. ಗಡಿಬಿಡಿ, ಹೊಸತು, ಕೂಡಲೇ ಫಲ ಸಿಗುವ ಕೆಲಸ ಇದ್ದರೆ ತಾನಾಗೇ ಅಂಟಿಕೊಳ್ಳುತ್ತದೆ. ಬೇಸರದ ಕೆಲಸದಲ್ಲಿ ಜಾರಿಹೋಗುತ್ತದೆ. "ಮನಸ್ಸು ಮಾಡಿದ್ರೆ ಮಾಡ್ತಾನೆ, ಸೋಮಾರಿ ಅಷ್ಟೇ" ಅನ್ನಿಸಿಕೊಳ್ಳುವುದು ಇದಕ್ಕೇ.

ಹಾಗಂತ ಮರೆವು ಇದ್ದವರಿಗೆಲ್ಲ ಈ ಹೆಸರು ಹಚ್ಚುವಂತಿಲ್ಲ. ರೀಲ್ಸ್ ನೋಡಿ "ನನಗೂ ಇದೆ" ಅಂತ ಬರುವವರು ಈಗ ಜಾಸ್ತಿ. 12 ವರ್ಷಕ್ಕೆ ಮೊದಲೇ ಲಕ್ಷಣ ಇದ್ದವಾ, ಮನೆ, ಕೆಲಸ ಎರಡೂ ಕಡೆ ಕಾಣುತ್ತವಾ ಅಂತ ಕೇಳಲೇಬೇಕು. ತಾಯಿಯನ್ನು ಕರೆಸಿದೆ. "ಡೈರಿಗೆ ಹಾಲು ಹಾಕೋಕೆ ಕಳಿಸಿದ್ರೆ ದಾರೀಲಿ ಗೋಲಿ ಆಟ ಕಂಡು ಕ್ಯಾನ್ ಅಲ್ಲೇ ಇಟ್ಟು ನಿಂತುಬಿಡೋನು. ಎರಡನೇ ಕ್ಲಾಸಿಂದ ಮೇಷ್ಟ್ರ ದೂರು ಕೇಳಿ ಕೇಳಿ ಸಾಕಾಗಿತ್ತು" ಎಂದರು.

ರೋಗ ಇದೇ ಅಂತ ಹೇಳುವುದು ನನ್ನ ಕೆಲಸವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 18 ಪ್ರಶ್ನೆಗಳ ಪಟ್ಟಿ ತುಂಬಿಸಿ, ಜಿಲ್ಲಾಸ್ಪತ್ರೆಯ ಮನೋವೈದ್ಯರ ಬಳಿ ಕಳಿಸಿದೆ. ರಕ್ತಪರೀಕ್ಷೆ, ಸ್ಕ್ಯಾನಿಂಗ್‌ನಲ್ಲಿ ಇದು ಸಿಗುವುದಿಲ್ಲ. ಆದರೆ ಥೈರಾಯ್ಡ್, ನಿದ್ದೆಗೇಡು, ಖಿನ್ನತೆ, ಕುಡಿತದಿಂದಲೂ ಹೀಗೇ ಆಗಬಹುದು. ಅವು ಯಾವುವೂ ಇಲ್ಲ ಅಂತ ಖಚಿತವಾದ ಮೇಲೆ, ಬಿಪಿ, ನಾಡಿ ನೋಡಿ ಮೀಥೈಲ್‌ಫೆನಿಡೇಟ್ ಶುರು ಮಾಡಿದರು, ಕಡಿಮೆ ಡೋಸಿನಿಂದ. ಹಸಿವು, ನಿದ್ದೆ ಕಡಿಮೆಯಾಗಬಹುದು ಅಂತಲೂ ಹೇಳಿದ್ದರು. ಈ ಮಾತ್ರೆ ಎಲ್ಲರಿಗೂ ಹೊಂದುವುದಿಲ್ಲ. ಅಂಥವರಿಗೆ ಆಟೊಮಾಕ್ಸೆಟಿನ್ ಇದೆ, ಗುಣ ಕಾಣಲು ಕೆಲವು ವಾರ ಬೇಕು. "ಹುಚ್ಚಿನ ಮಾತ್ರೆನಾ?" ಎಂದು ತಾಯಿ ಹೆದರಿದ್ದರು. ಮಂಡಿಯ ಹುಡುಗನೊಬ್ಬ "ನಂಗೂ ಒಂದು ಕೊಡಣ್ಣ, ನಿದ್ದೆ ಬರಲ್ವಂತೆ" ಅಂದನಂತೆ! ಯಾರಿಗೂ ಕೊಡಬೇಡಿ ಎಂದು ಗಟ್ಟಿಯಾಗಿ ಹೇಳಿದೆ. ಚೀಟಿಯಿಲ್ಲದೆ ಮಾರಲು ಕಾನೂನು ಬಿಡದ ಔಷಧಿ ಇದು.

ಮಾತ್ರೆ ಗಮನ ನಿಲ್ಲಿಸಲು ನೆರವಾಗುತ್ತದೆ, ಬಿಲ್ ಬರೆದುಕೊಡುವುದಿಲ್ಲ. ಆದ್ದರಿಂದ ಬಿಲ್‌ಗಳನ್ನು ಕೊನೆಗೆ ರಾಶಿ ಹಾಕಬೇಡಿ, ಒಬ್ಬ ರೈತರ ಮಾಲು ಮುಗಿದ ಕೂಡಲೇ ಅಲ್ಲೇ ಬರೆಯಿರಿ ಎಂದೆ. ಉಳಿದಿದ್ದನ್ನು ಬರೆಯುವಾಗ ಪಕ್ಕದಲ್ಲಿ ಯಾರಾದರೂ ಸುಮ್ನೆ ಕೂತಿರಲಿ, ಅಷ್ಟರಿಂದಲೇ ಕೆಲಸ ಸಾಗುತ್ತದೆ. ಕಂತಿಗೆ ಆಟೊ ಡೆಬಿಟ್. ದೊಡ್ಡ ಖರೀದಿ ಏನೇ ಇದ್ದರೂ ಒಂದು ರಾತ್ರಿ ಕಳೆಯಲಿ.

ಹೆಂಡತಿಗೆ ಹೇಳಿದ್ದು ಬೇರೆ. ಅಡುಗೆಮನೆಯಿಂದ ಕೂಗಿ ಮೂರು ಕೆಲಸ ಹೇಳಿದರೆ ಹೇಳಿದಂತೆ ಅಲ್ಲ. ಎದುರಿಗೆ ನಿಂತು ಒಂದೇ ಹೇಳಿ, ವಾಟ್ಸಾಪ್‌ನಲ್ಲೂ ಹಾಕಿ. ಆಕೆಗೆ ಸಿಟ್ಟು ಬಂತು. "ಇವರಿಗೂ ನಾನೇ ಅಮ್ಮ ಆಗಬೇಕಾ?" ಅಂದರು. ನ್ಯಾಯವಾದ ಮಾತು. ಅದಕ್ಕೇ ನೆನಪಿಸುವ ಕೆಲಸ ಆದಷ್ಟು ಮೊಬೈಲ್ ಅಲಾರಂಗೆ ವಹಿಸಿದೆವು.

ಈಗ ಬಿಲ್ ಹೆಚ್ಚುಕಡಿಮೆ ಅವತ್ತೇ ಮುಗಿಯುತ್ತಿದೆ. ಬೀಗದ ಕೈ ಈಗಲೂ ಕಳೆಯುತ್ತದೆ. ಆಸ್ಪತ್ರೆಗೆ ಬರಲು ಹಿಂಜರಿಯುವವರು ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ ಮಾತಾಡಬಹುದು, ಕನ್ನಡದಲ್ಲೇ, ದುಡ್ಡಿಲ್ಲದೆ.

ಹೋದ ಸಲ ಬಂದಾಗ ಅವರು ಎಂಟು ವರ್ಷದ ಮಗನ ಮಾತೆತ್ತಿದರು. ಇದು ವಂಶದಲ್ಲಿ ಬರುವುದುಂಟು. ಮುಂದಿನ ಸಲ ಅವನ ಶಾಲೆಯ ನೋಟ್‌ಬುಕ್‌ಗಳನ್ನು ತನ್ನಿ ಎಂದಿದ್ದೇನೆ.